ರೂಮಿನಲ್ಲಿ ಹದಿನಾಲ್ಕು ದಿನದ ಅಕ್ಕಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಲೆಕ್ಕ ಬರೆಯುವವರ ಕೈಗೆ ಮೈಕ್ ಕೊಟ್ಟರೆ ಬಾಯಲ್ಲಿ ಲೆಕ್ಕವೇ ಬರ್ತದೆ. ಇವತ್ತು ನಮ್ಮ ರೂಮಿನ ಅಕ್ಕಿಯ ಲೆಕ್ಕ.

2020ರ ಏಪ್ರಿಲ್‌ನಲ್ಲಿ ದುಬೈಯಲ್ಲಿ ಹಗಲು ರಾತ್ರಿ ಓಡಾಟಕ್ಕೆ ತಡೆ ಬಿದ್ದದ್ದು ನಮಗೆಲ್ಲ ನೆನಪುಂಟು. ಗ್ರೋಸರಿ ತೆರೆದಿತ್ತು, ಕೆಲಸ ನಿಂತವರ ಕೈಯಲ್ಲಿ ಕಾಸಿರಲಿಲ್ಲ. 2024ರ ಏಪ್ರಿಲ್ 16ರ ಮಳೆಗೆ ಕಾಸಿದ್ದವರಿಗೂ ಅಂಗಡಿಗೆ ಹೋಗಲು ದಾರಿ ಇರಲಿಲ್ಲ. ಅಲ್ ಐನ್ ಕಡೆಯ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿದಿತ್ತು. ಇವೆರಡೂ ಅಪರೂಪ. ಸಂಬಳ ತಡವಾಗುವುದು ಅಪರೂಪ ಅಲ್ಲ. ದೂರು ಕೊಡಬಹುದು, ಕೊಡಲೇಬೇಕು. ಆದರೆ ತೀರ್ಮಾನ ಬರುವ ತನಕ ಹೊಟ್ಟೆ ಕಾಯ್ತದಾ? ನಮ್ಮವರು "ಊಟ ಆಯ್ತು" ಅಂತ ಹೇಳಿ ಮಲಗ್ತಾರೆ. ಫೋನಿನಲ್ಲಿ ಉಮ್ಮನಿಗೂ ಅದೇ ಮಾತು.

ಕೂಡಿಡುವುದು ನಮಗೆ ಹೊಸತಲ್ಲ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ ಅಂತ ಊರಲ್ಲಿ ಮೇ ತಿಂಗಳಲ್ಲೇ ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ತಯಾರು ಮಾಡ್ತಿದ್ದರು. ಅದನ್ನೇ ಇಲ್ಲಿಯೂ ಮಾಡುವ.

ರೂಮಿನಲ್ಲಿ ಆರು ಜನ, ಹದಿನಾಲ್ಕು ದಿನ. ಗುಣಿಸಿದರೆ 84. ದುಡಿಯುವ ಆಳಿಗೆ ದಿನಕ್ಕೆ 400 ಗ್ರಾಂ ಅಕ್ಕಿ ಹಿಡಿದರೆ ಸುಮಾರು 34 ಕೆಜಿ. ಬೇಳೆ, ಹೆಸರು, ಹುರುಳಿ, ಕಡ್ಲೆ 80 ಗ್ರಾಂನಂತೆ 7 ಕೆಜಿ. ಎಣ್ಣೆ ಎರಡೂವರೆ ಲೀಟರ್. ಜೊತೆಗೆ ಉಪ್ಪು, ಸಕ್ಕರೆ, ಚಾ ಹುಡಿ, ಮೆಣಸಿನ ಹುಡಿ. ಗ್ಯಾಸ್ ಇಲ್ಲದ ದಿನಕ್ಕೆ ಅವಲಕ್ಕಿ, ಖರ್ಜೂರ, ಟಿನ್ ಮೀನು. ನೀರು 5 ಗ್ಯಾಲನ್‌ನ ಮೂರು ಬಾಟಲಿ ಯಾವಾಗಲೂ ತುಂಬಿರಲಿ; ಕುಡಿಯಲು ಮಾತ್ರವಾದರೆ ಆರು ಜನರಿಗೆ ಮೂರು ದಿನ ಬರ್ತದೆ.

ದುಡ್ಡು? ತಲೆಗೆ ತಿಂಗಳಿಗೆ 10 ದಿರ್ಹಂ. ನಾಲ್ಕು ತಿಂಗಳಿಗೆ 240 ಆಯ್ತು. ಮೊದಲ ತಿಂಗಳು ಅಕ್ಕಿಯಿಂದ ಶುರು ಮಾಡಿ, ಉಳಿದದ್ದನ್ನು ಆಫರ್ ನೋಡಿ ಸ್ವಲ್ಪ ಸ್ವಲ್ಪ ಸೇರಿಸಿದರೆ ಸಾಮಾನು ಹೆಚ್ಚುಕಡಿಮೆ ಇಷ್ಟರಲ್ಲೇ ಮುಗೀತದೆ. ಮೆಸ್ಸಿನಲ್ಲಿ ಯಾರೂ ತಿನ್ನದ ಸಾಮಾನು ಅಗ್ಗಕ್ಕೆ ಸಿಕ್ಕಿತು ಅಂತ ತರಬಾರದು.

ಇಲ್ಲಿನ ಸೆಕೆಗೆ ಅಕ್ಕಿಗೆ ಬೇಗ ಹುಳ ಹಿಡೀತದೆ. ಒಣಗಿದ ಬಕೆಟ್‌ಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ನೆಲದಿಂದ ಮೇಲೆ, ಒಲೆಯಿಂದ ದೂರ ಇಡುವುದು. ಬಾಲ್ಕನಿಯಲ್ಲಿ ಬೇಡ. ಬಕೆಟ್ ಮೇಲೆ ತಾರೀಕು ಬರೆದು, ಮೊದಲು ತಂದದ್ದನ್ನು ಮೊದಲು ಮೆಸ್ಸಿಗೆ ಕೊಟ್ಟು, ಅಷ್ಟೇ ಹೊಸತು ತುಂಬಿಸಬೇಕು. ಸ್ಟೋರ್‌ಕೀಪರ್ ಕೆಲಸದವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಕಡೆಯದಾಗಿ ಒಂದು ನಿಯಮ. ಈ ಬಕೆಟ್‌ನಿಂದ ಉಂಡದ್ದಕ್ಕೆ ಯಾರ ಹೆಸರಲ್ಲೂ ಸಾಲ ಬರೆಯಬಾರದು. ಸಂಬಳ ನಿಂತವರ ಹೆಸರಿನ ಮುಂದೆ ಸೊನ್ನೆ. ಖಾಲಿಯಾದದ್ದನ್ನು ಸಂಬಳ ಬಂದವರು ಮುಂದಿನ ತಿಂಗಳು ತುಂಬಿಸುವುದು. ಕ್ಯಾನ್ಸಲ್ ಆಗಿ ಊರಿಗೆ ಹೋಗುವವರ ಪಾಲು ರೂಮಿಗೇ. ಅವರ ಜಾಗಕ್ಕೆ ಬರುವ ಹೊಸ ಹುಡುಗನಿಗೆ ಮೊದಲ ಸಂಬಳ ಸಿಗುವ ತನಕ ಅದೇ ಅನ್ನ. ಹಸಿದವರು ಬಾಯಿ ಬಿಟ್ಟು ಕೇಳುವ ಹಾಗೆ ಆಗಬಾರದು. ಈ ಲೆಕ್ಕವೆಲ್ಲ ಅದಕ್ಕೇ.

ಈ ಶುಕ್ರವಾರ ಜುಮಾ ಮುಗಿಸಿ ಬರುವಾಗ ಒಂದೊಂದು ರೂಮಿನವರು ಒಂದೊಂದು ಬಕೆಟ್ ಕೊಂಡರೆ ಸಾಕು, ಕೆಲಸ ಶುರುವಾಯಿತು. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ. ಆಮೀನ್.