ಹುತ್ತ ಕಟ್ಟಿದ ಕುಂಬಾರ ಯಾರು?



ದೇವರಿದ್ದಾನೋ ಇಲ್ಲವೋ ಅಂತ ನಮ್ಮ ಕೇರಿಯಲ್ಲಿ ಯಾರೂ ವಾದ ಮಾಡುವುದಿಲ್ಲ. ಕೂಲಿಗೆ ಹೋಗುವವರಿಗೆ ಪುರುಸೊತ್ತೆಲ್ಲಿ? ನಾವು ಮಾತ್ರ ಆ ವಾದಗಳನ್ನು ಬಿ.ಎ.ಯಲ್ಲಿ ಉರು ಹೊಡೆದು ಪಾಸಾಗಿ ಬಂದವರು. ಅದರಲ್ಲಿ ಒಂದನ್ನು ಇವತ್ತು ನಿಮ್ಮ ಮುಂದೆ ಬಿಚ್ಚುತ್ತೇವೆ.

ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯಲ್ಲಿ ಉದಯನ ಅಂತ ಒಬ್ಬ ತರ್ಕಪಂಡಿತನಿದ್ದ. 'ನ್ಯಾಯಕುಸುಮಾಂಜಲಿ' ಬರೆದವನು. ಮಡಕೆ ಇದ್ದರೆ ಕುಂಬಾರ ಇರಲೇಬೇಕು, ಲೋಕವೂ ಮಡಕೆಯ ಹಾಗೆ ಆದದ್ದು, ಆದ್ದರಿಂದ ಲೋಕಕ್ಕೂ ಒಬ್ಬ ಕರ್ತ ಇರಲೇಬೇಕು ಅನ್ನುತ್ತಾನೆ. ಮಡಕೆ ಮಾಡುವುದನ್ನು, ಬಟ್ಟೆ ನೇಯುವುದನ್ನು ಮನುಷ್ಯನಿಗೆ ಮೊದಲು ಕಲಿಸಿದವನೂ ಆ ದೇವರೇ ಅಂತೆ. ತಮಾಷೆ ನೋಡಿ. ದೇವರನ್ನು ಸಾಬೀತು ಮಾಡಬೇಕಾದರೆ ಇವರಿಗೆ ಕಸುಬಿನವನ ಕೈ ಬೇಕು. ಇಷ್ಟಾದ ಮೇಲೆ ವೇದ ಸತ್ಯ, ಯಾಕೆಂದರೆ ಅದನ್ನು ಹೇಳಿದವನು ಆ ದೇವರು ಅಂತ ಬರುತ್ತದೆ. ಕುಂಬಾರನನ್ನು ಮುಂದೆ ಮಾಡಿಕೊಂಡು ವೇದವನ್ನು ಹಿತ್ತಿಲ ಬಾಗಿಲಿಂದ ಒಳಗೆ ತಂದಂತಾಯಿತು.

ಉದಯನನಿಗಿಂತ ಮುನ್ನೂರು ವರ್ಷ ಮೊದಲೇ ಬೌದ್ಧ ಧರ್ಮಕೀರ್ತಿ ಈ ಬಗೆಯ ವಾದಕ್ಕೆ ಉತ್ತರ ಕೊಟ್ಟಿದ್ದ. ಮಡಕೆಯೂ ಮಣ್ಣು, ಹುತ್ತವೂ ಮಣ್ಣು. ಮಣ್ಣಿಗೆ ರೂಪ ಬಂದಿದೆ ಅನ್ನುವುದಷ್ಟೇ ಸಾಕಾದರೆ ಹುತ್ತವನ್ನೂ ಕುಂಬಾರನೇ ಕಟ್ಟಿದ ಅನ್ನಬೇಕಾಗುತ್ತದೆ! ಅದೇ ಧರ್ಮಕೀರ್ತಿ ಬುದ್ಧಿಗೇಡಿತನದ ಐದು ಗುರುತು ಹೇಳುವಾಗ ಲೋಕಕ್ಕೊಬ್ಬ ಕರ್ತನಿದ್ದಾನೆ ಅನ್ನುವ ಮಾತಿನ ಪಕ್ಕದಲ್ಲೇ ಜಾತಿಯ ಕೊಬ್ಬನ್ನೂ ಇಟ್ಟ. ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಆ ಹುರುಪಿನಲ್ಲೇ ಊರಿಗೆ ಹೋದೆವು. ಅವ್ವ ಹುತ್ತಕ್ಕೆ ತನಿ ಎರೆಯುತ್ತಿದ್ದಳು. "ಅವ್ವಾ, ಇದನ್ನ ಕಟ್ಟಿದ್ದು ಗೆದ್ಲು" ಅಂದೆವು.

"ನಂಗೊತ್ತಿಲ್ವೇನ್ಲಾ? ನಮ್ಮನೆ ತೊಲೆ ತಿಂದದ್ದೂ ಅವೇಯ. ನೀನು ಕೂಸಾಗಿದ್ದಾಗ ಜ್ವರ ಬಂದು ಬೆಂಕಿಯಾಗಿದ್ದೆ. ಆಸ್ಪತ್ರೆಯೋರು ಹೊರಗೇ ಕೂರಿಸಿದ್ರು. ಇಲ್ಲಿ ಬಂದು ಕೂತು ಅತ್ತೆ. ಇದು ದೂರ ನಿಲ್ಲು ಅನ್ನಲಿಲ್ಲ."

ನಮ್ಮ ಬಿ.ಎ. ಅಲ್ಲಿಗೆ ಮುಗಿಯಿತು. ಧರ್ಮಕೀರ್ತಿಯ ಏಟು ಉದಯನನಿಗೆ ತಾಗುತ್ತದೆ, ಅವ್ವನಿಗೆ ತಾಗುವುದಿಲ್ಲ. ಅವಳು ಯಾವ ವಾದ ಕೇಳಿ ನಂಬಿದ್ದಳು?

ಉದಯನ ಪುರಿಗೆ ಹೋದಾಗ ಜಗನ್ನಾಥನ ಬಾಗಿಲು ಮುಚ್ಚಿತ್ತಂತೆ. ಬೌದ್ಧರು ಬಂದಾಗ ನೀನು ಉಳಿಯುವುದು ನನ್ನಿಂದ ಅಂತ ದೇವರನ್ನೇ ಗದರಿದನಂತೆ. ಕಥೆ ಇರಬಹುದು. ನಾಸಿಕದ ಕಾಳಾರಾಮನ ಬಾಗಿಲಿನದು ಕಥೆಯಲ್ಲ. 1930ರ ಮಾರ್ಚ್ 2ರಿಂದ ಬಾಬಾಸಾಹೇಬರ ಕರೆಗೆ ಬಂದ ನಮ್ಮವರು ಅಲ್ಲಿ ನಿಂತರು, ಕಲ್ಲೇಟು ತಿಂದರು, ವರ್ಷಗಟ್ಟಲೆ ನಿಂತರು. ಬಾಗಿಲು ತೆರೆಯಲಿಲ್ಲ. ದೇವರಿದ್ದಾನೋ ಇಲ್ಲವೋ ಅಂತ ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಕೇಳಿದ್ದು ಜಾತಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಅಂಥ ಬಾಗಿಲುಗಳಿಗೇ ಬೆನ್ನು ಹಾಕಿ ಬುದ್ಧನ ಕಡೆ ನಡೆದರು.

ಹಾಗಾದರೆ ಅವ್ವನ ನಂಬಿಕೆಯನ್ನು ಹಾಗೇ ಬಿಟ್ಟುಬಿಡೋಣವೇ? ಬಿಡಲಾಗದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ನಮ್ಮ ಹೆಣ್ಣುಮಕ್ಕಳು ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುತ್ತಿದ್ದರು. 1986ರಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು ಬಟ್ಟೆ ಬಿಚ್ಚಿಸಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅಲ್ಲಿ ನಡೆದುಹೋದವರೂ ಅವ್ವಂದಿರೇ. ಮಗುವಿನ ಜ್ವರಕ್ಕೋ ಮೈಮೇಲಿನ ಕಜ್ಜಿಗೋ ಹರಕೆ ಹೊತ್ತವರೇ. ಹುತ್ತದ ಮುಂದೆ ಸುಮ್ಮನಾದ ಹಾಗೆ ಅಲ್ಲಿಯೂ ನಾವು ಸುಮ್ಮನಿರಬೇಕಿತ್ತೇ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು.

ಈ ಸಲ ಊರಿಗೆ ಹೋದಾಗ ಅವ್ವನಿಗೆ ಚಂದ್ರಗುತ್ತಿಯದನ್ನೆಲ್ಲ ಹೇಳಿ ಕೇಳಿಯೇಬಿಟ್ಟೆವು: "ದೇವರು ಸೀರೆ ಬಿಚ್ಚು ಅಂದ್ರೆ ಬಿಚ್ಚುತ್ತೀಯಾ ಅವ್ವಾ?"

ಅವಳು ಚೊಂಬು ಕೆಳಗಿಟ್ಟಳು.

"ದೇವರು ಹಂಗಂದ್ಲು ಅಂತ ಬಂದು ಹೇಳ್ದೋನು ಯಾವನ್ಲಾ ಅವನು?"