ನಾವು ಯಾರ ಮಕ್ಕಳು?
(ತಪಸ್ಸುಕಾಲದ ಮೊದಲನೆಯ ಭಾನುವಾರದ ಪ್ರಬೋಧನೆ: ಮತ್ತಾಯ 4:1-11)



ಕಳೆದ ಬುಧವಾರ ನಾವೆಲ್ಲರೂ ಹಣೆಗೆ ಬೂದಿ ಧರಿಸಿ ತಪಸ್ಸುಕಾಲಕ್ಕೆ ಕಾಲಿಟ್ಟೆವು. ಅಂದಿನಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನಗಳು. ಭಾನುವಾರ ಪ್ರಭುವಿನ ಪುನರುತ್ಥಾನದ ದಿನ. ಆದ್ದರಿಂದ ಆರು ಭಾನುವಾರಗಳನ್ನು ಬಿಟ್ಟು 40 ದಿನಗಳ ಲೆಕ್ಕ ಹಿಡಿಯುತ್ತೇವೆ.

ಈ ಲೆಕ್ಕ ನಮ್ಮ ಮನೆಗಳಲ್ಲೂ ಆರಂಭವಾಗಿದೆ. ನಮ್ಮಲ್ಲಿ ಮಾಂಸ ಬಿಟ್ಟವರಿದ್ದಾರೆ, ಕುಡಿತ ಬಿಟ್ಟವರಿದ್ದಾರೆ, ಧಾರಾವಾಹಿ ಬಿಟ್ಟವರಿದ್ದಾರೆ. ಒಳ್ಳೆಯದೇ. ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಿಕೊಳ್ಳೋಣ. 40 ದಿನ ಬಾಟಲಿ ಮುಟ್ಟದ ಮನೆಯ ಯಜಮಾನ ಪಾಸ್ಕ ಹಬ್ಬದ ಮಧ್ಯಾಹ್ನವೇ ಬಿಟ್ಟದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಅಂಥ ಮನೆಯ ತಾಯಿಗೆ, ಮಕ್ಕಳಿಗೆ ಉಪವಾಸದ ದಿನಗಳೇ ನೆಮ್ಮದಿಯ ದಿನಗಳು. ಅವರು ಹೆದರುವುದು 41ನೆಯ ದಿನಕ್ಕೆ. ಈ ತಪಸ್ಸುಕಾಲ ಮುಗಿಯುವುದೇ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಹಾಗಾದರೆ ನಮ್ಮ ಉಪವಾಸದಲ್ಲಿ ಏನು ಕೊರತೆ?

ಇಂದಿನ ಶುಭಸಂದೇಶದಲ್ಲಿ ಇದಕ್ಕೆ ಉತ್ತರವಿದೆ. ಯೇಸುಸ್ವಾಮಿ ಬೆಂಗಾಡಿಗೆ ಹೋದದ್ದು ಜೋರ್ಡನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದ ಕೂಡಲೇ. ಇವರೇ ತಮ್ಮ ಪ್ರಿಯಪುತ್ರ ಎಂದು ಪಿತನ ದನಿ ಆಗತಾನೇ ಸಾರಿತ್ತು. 40 ದಿನ ಹಸಿದ ಮೇಲೆ ಸೈತಾನನು ಬಂದು ಮೊದಲು ಕೈಹಾಕಿದ್ದು ಆ ಮಾತಿಗೇ. ನೀನು ನಿಜವಾಗಿ ದೇವರ ಮಗನಾಗಿದ್ದರೆ ತೋರಿಸು ನೋಡೋಣ ಎಂದು ಕೆಣಕಿದ. ರೊಟ್ಟಿ ಆಮೇಲಿನ ವಿಷಯ. ಅವನು ಮುರಿಯಬೇಕೆಂದಿದ್ದು ತಂದೆಯ ಮೇಲೆ ಮಗನಿಗಿದ್ದ ಭರವಸೆಯನ್ನು. ಏದೆನ್ ತೋಟದಲ್ಲಿ ಸರ್ಪ ಮಾಡಿದ್ದೂ ಇದನ್ನೇ. ಹಣ್ಣು ತೋರಿಸುವುದಕ್ಕೆ ಮುಂಚೆ, ದೇವರು ನಿಮ್ಮಿಂದ ಏನನ್ನೋ ಬಚ್ಚಿಟ್ಟಿದ್ದಾರೆ ಎಂಬ ಸಂಶಯವನ್ನು ಹವ್ವಳ ಮನಸ್ಸಿನಲ್ಲಿ ಬಿತ್ತಿತು.

ಪ್ರಿಯರೇ, ಶೋಧನೆಯ ಬೇರು ಇಲ್ಲಿದೆ. ದೇವರು ನನ್ನನ್ನು ಕೈಬಿಟ್ಟಿದ್ದಾರೆ, ನನ್ನ ದಾರಿ ನಾನೇ ನೋಡಿಕೊಳ್ಳಬೇಕು ಎಂದು ಅನ್ನಿಸಿದ ಗಳಿಗೆಯಲ್ಲಿ ಪಾಪಕ್ಕೆ ಬಾಗಿಲು ತೆರೆದುಕೊಳ್ಳುತ್ತದೆ.

ಮೂರು ಶೋಧನೆಗಳೂ ನಮ್ಮ ಮನೆಯ ಹೊಸ್ತಿಲು ದಾಟಿ ಬಂದಿವೆ. ಮೊದಲನೆಯದು ರೊಟ್ಟಿಯದು: ಹೊಟ್ಟೆಪಾಡಿಗಾಗಿ ತೂಕದಲ್ಲಿ ಸ್ವಲ್ಪ ಮೋಸ ಮಾಡಿದರೆ, ಕಚೇರಿಯಲ್ಲಿ ಸ್ವಲ್ಪ ಲಂಚ ಮುಟ್ಟಿದರೆ ತಪ್ಪೇನು? ಎರಡನೆಯದು ದೇವಾಲಯದ ಗೋಪುರದ ತುದಿಯದು: ದೇವರನ್ನೇ ಪರೀಕ್ಷೆಗೆ ಕೂರಿಸುವುದು. ಮಗನಿಗೆ ಕೆಲಸ ಸಿಕ್ಕರೆ ಮಾತ್ರ ಪೂಜೆಗೆ ಬರುತ್ತೇನೆ ಎನ್ನುತ್ತೇವೆ. ಬೈಕಿನ ಕನ್ನಡಿಗೆ ಜಪಸರ ತೂಗುಹಾಕಿ, ಹೆಲ್ಮೆಟ್ಟನ್ನು ಮನೆಯಲ್ಲೇ ಬಿಟ್ಟು ಹೊರಡುತ್ತೇವೆ. ಮೂರನೆಯದು ಬೆಟ್ಟದ ಮೇಲಿನದು: ನಾಲ್ಕು ಜನರ ಮುಂದೆ ದೊಡ್ಡವರೆನಿಸಿಕೊಳ್ಳಲು ಸಾಲ ಮಾಡಿ ಮದುವೆ ಮಾಡುವುದು, ಒಂದು ಗೇಣು ಜಾಗಕ್ಕಾಗಿ ಒಡಹುಟ್ಟಿದವರನ್ನು ಕೋರ್ಟಿಗೆಳೆಯುವುದು.

ಯೇಸು ಇವುಗಳಿಗೆ ಹೇಗೆ ಉತ್ತರಿಸಿದರು? ಪವಾಡ ಮಾಡಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಮೂರು ಸಲವೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದ ಒಂದೊಂದು ವಾಕ್ಯವನ್ನು ಹೇಳಿದರು. ಇಸ್ರಯೇಲರು 40 ವರ್ಷ ಮರುಭೂಮಿಯಲ್ಲಿ ಅಲೆದು ಕಲಿತ ಪಾಠಗಳು ಅವು. ಅವರು ಆಹಾರಕ್ಕಾಗಿ ಗೊಣಗಿದರು, ಮಸ್ಸಾದಲ್ಲಿ ನೀರಿಗಾಗಿ ದೇವರನ್ನು ಪರೀಕ್ಷಿಸಿದರು, ಚಿನ್ನದ ಹೋರಿಕರುವಿಗೆ ಅಡ್ಡಬಿದ್ದರು. ಅವರು ಮುಗ್ಗರಿಸಿದ ಕಡೆಯಲ್ಲೆಲ್ಲ ಯೇಸು ಗಟ್ಟಿಯಾಗಿ ನಿಂತರು.

ಸೈತಾನನೂ ದೇವರ ವಾಕ್ಯವನ್ನೇ ಹೇಳಿದ ಎಂಬುದನ್ನು ಗಮನಿಸಿ. ದೂತರು ಕೈಗಳಲ್ಲಿ ಎತ್ತಿಕೊಳ್ಳುವರೆಂಬ 91ನೆಯ ಕೀರ್ತನೆಯನ್ನು ಹೇಳಿದವನು, ಸರ್ಪವನ್ನು ತುಳಿಯುವ ಮಾತು ಬರುವ ಮುಂದಿನ ವಚನಕ್ಕೆ ಬರುವ ಮೊದಲೇ ಬಾಯಿ ಮುಚ್ಚಿಕೊಂಡ! ವಾಕ್ಯ ಬಾಯಿಪಾಠವಾಗಿದ್ದರೆ ಸಾಲದು. ಅದರ ಜೊತೆ ಪಿತನ ಮೇಲೆ ಪ್ರೀತಿಯೂ ಇರಬೇಕು.

ಹಸಿದು ನಿತ್ರಾಣರಾಗಿದ್ದ ಹೊತ್ತಿನಲ್ಲಿ ಯೇಸುವಿನ ತುಟಿಗೆ ಆ ಮಾತುಗಳು ಬಂದದ್ದು ಹೇಗೆ? ಅದೇ ಆರನೆಯ ಅಧ್ಯಾಯ, ಮನೆಯಲ್ಲಿ ಕುಳಿತಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಈ ಮಾತುಗಳನ್ನು ಮಕ್ಕಳಿಗೆ ಕಲಿಸಬೇಕೆಂದು ಆಜ್ಞಾಪಿಸುತ್ತದೆ. ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಹಾಗೆಯೇ ಕಲಿಸಿರಬೇಕು. ಬಾಯಾರಿದಾಗ ಬಾವಿ ತೋಡಲು ಹೋದರೆ ನೀರು ಸಿಗುವುದಿಲ್ಲ. ಸಂಜೆ ಹದಿನೈದು ನಿಮಿಷ ಟಿವಿ ಆರಿಸಿ, ಮೊಬೈಲುಗಳನ್ನು ಬದಿಗಿಟ್ಟು, ಎಲ್ಲರೂ ಕೂಡಿ ಮಾಡುವ ಮನೆಯ ಪ್ರಾರ್ಥನೆ ಆ ಬಾವಿ. ಇಂದು ನಮ್ಮ ಜೊತೆ ಮೊಣಕಾಲೂರುವ ಮಗುವಿಗೆ, ಮುಂದೆ ದೂರದ ಊರಿನ ಹಾಸ್ಟೆಲಿನಲ್ಲಿ ಒಂಟಿಯಾಗಿರುವಾಗ ಅದೇ ನೀರು ಒದಗೀತು.

ಕೆಲವರು ಬಂದು ಕೇಳುತ್ತಾರೆ: “ಫಾದರ್, ಪ್ರಾರ್ಥನೆ ಮಾಡಿದರೂ ಕೆಟ್ಟ ಯೋಚನೆ ಬರುತ್ತದೆ, ನನ್ನ ವಿಶ್ವಾಸ ಸತ್ತುಹೋಗಿದೆಯೇ?” ಇಲ್ಲ. ಶೋಧನೆ ಬರುವುದು ಪಾಪವಲ್ಲ. ಅದಕ್ಕೆ ಮನಸ್ಸಾರೆ ಒಪ್ಪಿಗೆ ಕೊಡುವುದು ಪಾಪ. ಪಾಪರಹಿತರಾದ ಪ್ರಭುವೂ ಶೋಧನೆಗೆ ಒಳಗಾದರು. ಕ್ರಿಸ್ತರಲ್ಲಿ ಶೋಧಿತರಾದವರು ನಾವೇ, ಅವರಲ್ಲಿ ಗೆದ್ದವರೂ ನಾವೇ ಎಂದು ಸಂತ ಅಗಸ್ಟೀನರು ಬೋಧಿಸಿದ್ದಾರೆ. ಶೋಧನೆಯನ್ನು ಒಡ್ಡುವವರು ದೇವರೂ ಅಲ್ಲ. ಮಗುವನ್ನು ಬೀಳಿಸುವವನು ತಂದೆಯಲ್ಲ, ಬಿದ್ದ ಮಗುವನ್ನು ಎತ್ತುವವನು ತಂದೆ ಎಂಬ ಅರ್ಥದಲ್ಲಿ ಜಗದ್ಗುರು ಫ್ರಾನ್ಸಿಸರು 2017ರಲ್ಲಿ ವಿವರಿಸಿದ್ದರು. 2020ರಲ್ಲಿ ಇಟಲಿಯ ಧರ್ಮಸಭೆ, ಶೋಧನೆಯಲ್ಲಿ ನಮ್ಮನ್ನು ಕೈಬಿಡಬೇಡಿ ಎಂಬ ಅರ್ಥ ಬರುವಂತೆ ತನ್ನ ಪೂಜಾಗ್ರಂಥದಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯ ಪದಗಳನ್ನು ತಿದ್ದಿಕೊಂಡಿತು.

ಬಿದ್ದವರಿಗೂ ಒಂದು ಮಾತು. ಕಡೆಯ ಭೋಜನದ ರಾತ್ರಿ ಯೇಸು ಪೇತ್ರನಿಗೆ, ಸೈತಾನನು ನಿಮ್ಮನ್ನು ಗೋಧಿಯಂತೆ ಜರಡಿಯಾಡಲು ಕೇಳಿಕೊಂಡಿದ್ದಾನೆ, ಆದರೆ ನಿನ್ನ ವಿಶ್ವಾಸ ಕುಂದದಂತೆ ನಾನು ಪ್ರಾರ್ಥಿಸಿದ್ದೇನೆ ಎಂದರು. ಪೇತ್ರ ಬಿದ್ದದ್ದು ಆಮೇಲೆ. ಪ್ರಭು ಪ್ರಾರ್ಥಿಸಿದ್ದು ಅದಕ್ಕೂ ಮೊದಲು. ಕೋಳಿ ಕೂಗಿದಾಗ ಅವನು ಬಿಕ್ಕಿ ಬಿಕ್ಕಿ ಅತ್ತ, ತಿರುಗಿ ಬಂದ. ಪಾಪನಿವೇದನೆಯ ಪೀಠ ನಮಗಾಗಿ ಕಾದಿರುವುದು ಈ ತಿರುಗಿ ಬರುವಿಕೆಗಾಗಿಯೇ.

ಕುಡಿತದ ಹಿಡಿತದಲ್ಲಿರುವ ಸಹೋದರರೇ, ಛಲದಿಂದ 40 ದಿನ ತಳ್ಳಬಹುದು. ಆದರೆ ಗಂಡಾಗಿ ಒಬ್ಬನೇ ಗೆಲ್ಲುತ್ತೇನೆಂಬ ಹಟವೂ ಒಂದು ಶೋಧನೆಯೇ. ಗೋಪುರದಿಂದ ಧುಮುಕಿ ದೇವದೂತರ ಸಹಾಯವನ್ನು ಪ್ರದರ್ಶನಕ್ಕಿಡಲು ಯೇಸು ಒಪ್ಪಲಿಲ್ಲ. ಆದರೆ ಕೊನೆಯಲ್ಲಿ ಅದೇ ದೂತರು ಬಂದು ಉಪಚರಿಸಿದಾಗ ಬೇಡವೆನ್ನಲಿಲ್ಲ. ವೈದ್ಯರ ಬಳಿಗೆ, ವ್ಯಸನ ಬಿಡಿಸುವ ಕೇಂದ್ರಕ್ಕೆ, ಕುಡಿತ ಬಿಟ್ಟವರ ಕೂಟಕ್ಕೆ ಹೋಗುವುದು ಅವಿಶ್ವಾಸವಲ್ಲ. ದೇವರು ನಮಗೆ ಕಳಿಸುವ ದೂತರು ಅವರೇ ಇರಬಹುದು. ಕೈಹಿಡಿದು ಕರೆದೊಯ್ಯಲು ನಾವೆಲ್ಲರೂ ಇದ್ದೇವೆ.

ಪಾಸ್ಕ ಜಾಗರಣೆಯ ರಾತ್ರಿ ನಾವು ಉರಿಯುವ ಮೇಣದ ಬತ್ತಿ ಹಿಡಿದು ನಿಲ್ಲುತ್ತೇವೆ. ಸೈತಾನನನ್ನು ತ್ಯಜಿಸುತ್ತೀರೋ ಎಂದು ಗುರುಗಳು ಕೇಳುತ್ತಾರೆ. ಪಿತನನ್ನು ವಿಶ್ವಾಸಿಸುತ್ತೀರೋ ಎಂದೂ ಕೇಳುತ್ತಾರೆ. ಆ ಎರಡು ಉತ್ತರಗಳು ಬೇರೆ ಬೇರೆಯಲ್ಲ. ತಂದೆಯ ಕೈ ಹಿಡಿದವನಿಗೆ ಮಾತ್ರ ಸೈತಾನನ ಕೈ ಕೊಡವಲು ಸಾಧ್ಯ. ಆ ಉತ್ತರವನ್ನು ಹೃದಯದಿಂದ ಹೇಳುವ ಅಭ್ಯಾಸವೇ ಈ 40 ದಿನಗಳು. ಆಗ ನಮ್ಮ ಮನೆಗಳಲ್ಲಿ 41ನೆಯ ದಿನಕ್ಕೆ ಯಾರೂ ಹೆದರಬೇಕಾಗಿಲ್ಲ. ಹೆಂಡತಿ ಮಕ್ಕಳು ಅದನ್ನು ನಿಜವಾದ ಹಬ್ಬವಾಗಿ ಎದುರುನೋಡುವರು.

ಆ ಕೃಪೆಯನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.