ಇದ್ದದ್ದನ್ನು ಇದ್ದಂತೆ: ಹಳೆಯ ಜಿನಶಾಸ್ತ್ರಗಳಿಗೆ ಹೊಸ ಅಕ್ಷರ

(ಶ್ರುತಪಂಚಮಿಯ ಪ್ರಯುಕ್ತ ಮುಂಬಯಿಯಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಪಂಡಿತರು ನಿಲ್ಲಬೇಕಾದ ಸ್ಥಳದಲ್ಲಿ ಇಂದು ಒಬ್ಬ ಲೆಕ್ಕಪರಿಶೋಧಕನನ್ನು ನಿಲ್ಲಿಸಿದ್ದೀರಿ. ಷಟ್ಖಂಡಾಗಮದ ಸಿದ್ಧಾಂತವನ್ನು ವಿವರಿಸುವ ಅಧಿಕಾರ ನನಗಿಲ್ಲ. ಆದರೆ ಆ ಗ್ರಂಥವು ತಾಳೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಂದ ಬಗೆಯಲ್ಲಿ ನನ್ನ ವೃತ್ತಿಯವರು ದಿನನಿತ್ಯ ಎದುರಿಸುವ ಪ್ರಶ್ನೆಗಳೇ ಅಡಗಿವೆ. ಮೂಲ ಯಾವುದು, ನಕಲು ಯಾವುದು, ನಡುವೆ ಯಾರ ಕೈ ಸೇರಿತು, ಯಾರು ತಾಳೆ ನೋಡಿದರು? ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಕೆಲವು ಮನೆಗಳು ಸೇರಿ, ಶಿಥಿಲವಾಗುತ್ತಿರುವ ಹಳೆಯ ಕನ್ನಡ ಜೈನ ಗ್ರಂಥಗಳನ್ನು ಯೂನಿಕೋಡ್ ಅಕ್ಷರಗಳಿಗೆ ಇಳಿಸುವ ಕೆಲಸವನ್ನು ಕೈಗೊಂಡಿರುವುದು ನಿಮಗೆ ತಿಳಿದಿದೆ. ಆ ಕೆಲಸಕ್ಕೆ ಇರಬೇಕಾದ ಕಟ್ಟುಪಾಡಿನ ಕುರಿತೇ ಇಂದಿನ ನನ್ನ ಮಾತು.

ಆಚಾರ್ಯ ಧರಸೇನರಿಂದ ಕಲಿತ ಪುಷ್ಪದಂತ ಭೂತಬಲಿಗಳು ಶ್ರುತವನ್ನು ಬರವಣಿಗೆಗೆ ಇಳಿಸಿ ಮುಗಿಸಿದ ದಿನವೆಂದು ಪರಂಪರೆ ಈ ಪಂಚಮಿಯನ್ನು ಆಚರಿಸುತ್ತ ಬಂದಿದೆ. ಈ ದಿನದ ಭಾಷಣಗಳಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ತಪ್ಪದೆ ನೆನೆಯುತ್ತೇವೆ. ನೆನೆದು, ಪ್ರಸಾದ ಸ್ವೀಕರಿಸಿ, ಮನೆಗೆ ಹೋಗುತ್ತೇವೆ. ಆ ಸಾವಿರ ಪ್ರತಿಗಳನ್ನು ಕುಳಿತು ಬರೆದ ಕೈಗಳ ಕುರಿತು, ಬರೆದದ್ದನ್ನು ಮೂಲದೊಡನೆ ಹೋಲಿಸಿ ನೋಡಿದವರ ಕುರಿತು ಯಾರೂ ಮಾತನಾಡುವುದಿಲ್ಲ. ನಾನು ಇಂದು ಅವರ ಪಕ್ಷದಿಂದ ಮಾತನಾಡಬಯಸುತ್ತೇನೆ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಪ್ರಾಚೀನ ತಾಳೆಗರಿಗಳು ಉಳಿದದ್ದು ನಮ್ಮ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಹಳಗನ್ನಡ. ಶತಮಾನಗಳ ಕಾಲ ಯಾತ್ರಿಕರು ಅವುಗಳ ದರ್ಶನ ಪಡೆದರು, ಕೈಮುಗಿದರು, ಕಾಣಿಕೆ ಇಟ್ಟರು. ಓದಿದವರಿಲ್ಲ. 19ನೆಯ ಶತಮಾನದ ಕೊನೆಗೆ ಮುಂಬಯಿಯ ಸೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಅವರ ಪ್ರಯತ್ನದಿಂದ ಪ್ರತಿ ಮಾಡಿಸುವ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳು, ಗಜಪತಿ ಉಪಾಧ್ಯಾಯರು ಮೊದಲಾದವರು ಬರೆದರು. ಮೂರು ಸಿದ್ಧಾಂತ ಗ್ರಂಥಗಳ ನಕಲು ಮುಗಿಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ನಿರ್ಬಂಧವಾಗಿತ್ತು.

ಆದರೂ ಹೋದವು. ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದರಲ್ಲಿ ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ಪಾಲು ದೊಡ್ಡದು. ಆ ಪ್ರತಿ ಸಹಾರನಪುರದ ಲಾಲಾ ಜಂಬೂಪ್ರಸಾದರನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಸಾಗರ ಮೊದಲಾದ ಊರುಗಳಿಗೆ ಹರಡಿದವು. 1939ರಲ್ಲಿ ಅಮರಾವತಿಯಿಂದ ಪ್ರೊ. ಹೀರಾಲಾಲ್ ಜೈನರು ಮೊದಲ ಸಂಪುಟವನ್ನು ಅಚ್ಚುಹಾಕಿಸಿದಾಗ ಅವರ ಕೈಯಲ್ಲಿದ್ದುದು ಈ ನಕಲಿನ ನಕಲುಗಳು. ನಮ್ಮ ಸದಲಗದ ಡಾ. ಆ. ನೇ. ಉಪಾಧ್ಯೆಯವರೂ ಆ ಸಂಪಾದನೆಯಲ್ಲಿ ಸಹಯೋಗಿಗಳು. ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳು ಹೊರಬಂದವು.

ಕದ್ದ ಪ್ರತಿಯಿಂದ ಶಾಸ್ತ್ರ ಹೊರಬಂದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರತಿ ಗುಟ್ಟಾದದ್ದು ಮೂಲವನ್ನು ಮುಚ್ಚಿಟ್ಟದ್ದರಿಂದ ಎಂಬುದಷ್ಟೇ ನನ್ನ ಉತ್ತರ. ಮುಚ್ಚಿಟ್ಟದ್ದರ ಬೆಲೆ ಏನೆಂಬುದು ಬೇಗನೆ ತಿಳಿಯಿತು.

ಮೊದಲ ಸಂಪುಟದ ಸತ್ಪ್ರರೂಪಣೆಯಲ್ಲಿ 93ನೆಯ ಸೂತ್ರವಿದೆ. ಮಾನುಷಿಯರಲ್ಲಿ, ಅಂದರೆ ಮನುಷ್ಯ ಸ್ತ್ರೀಯರಲ್ಲಿ, ಪರ್ಯಾಪ್ತ ಸ್ಥಿತಿಯಲ್ಲಿ ಯಾವ ಯಾವ ಗುಣಸ್ಥಾನಗಳು ಇರುತ್ತವೆ ಎಂಬುದು ಅದರ ವಿಷಯ. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಪಟ್ಟಿಯು ‘ಸಂಜದಾಸಂಜದ’ ಎಂಬಲ್ಲಿಗೆ ನಿಂತಿತ್ತು. ಟೀಕೆಯನ್ನು ಓದಿದರೆ ಮುಂದೆ ‘ಸಂಜದ’ ಎಂಬ ಇನ್ನೊಂದು ಪದ ಇರಲೇಬೇಕೆಂದು ಅವರಿಗೆ ತೋರಿತು. ಸಂಜದ ಎಂದರೆ ಸಂಯತ, ಪೂರ್ಣ ಸಂಯಮಿ. ಆ ಪದ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಸ್ತ್ರೀಯರ ಸಂಯಮಾಧಿಕಾರದ ಇಡೀ ಚರ್ಚೆಯೇ ಅದರ ಹಿಂದೆ ನಿಂತಿದೆ. ಸಂಪಾದಕರು ಆ ಪದವನ್ನು ಸೂತ್ರದೊಳಗೆ ತುರುಕಲಿಲ್ಲ. ಪ್ರತಿಯಲ್ಲಿದ್ದಂತೆಯೇ ಅಚ್ಚುಹಾಕಿ, ಇಲ್ಲಿ ಒಂದು ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಸಮಾಜದಲ್ಲಿ ದೊಡ್ಡ ವಿವಾದವೆದ್ದಿತು. ಲೇಖನಗಳು, ಖಂಡನೆಗಳು, ಸಂಪಾದಕರ ಶ್ರದ್ಧೆಯ ಮೇಲೆಯೇ ಶಂಕೆ. ಮುಂದೆ ಮೂಡಬಿದಿರೆಯ ತಾಳೆಗರಿಗಳೊಡನೆ ತಾಳೆ ನೋಡಲು ಸಾಧ್ಯವಾದಾಗ ಆ ಪದ ಗರಿಯಲ್ಲಿ ಇತ್ತು.

ಅದರ ಅರ್ಥ ದ್ರವ್ಯಸ್ತ್ರೀಯೋ ಭಾವಸ್ತ್ರೀಯೋ ಎಂಬುದು ಪಂಡಿತರ ಕ್ಷೇತ್ರ. ನಾನು ಅಲ್ಲಿಗೆ ಕಾಲಿಡಲಾರೆ. ನನ್ನ ಗಮನ ಇರುವುದು ನಕಲುಗಾರನ ಮೇಲೆ. ‘ಸಂಜದಾಸಂಜದ’ದ ಪಕ್ಕದಲ್ಲಿಯೇ ಮತ್ತೆ ‘ಸಂಜದ’. ಒಂದೇ ರೂಪ ಮತ್ತೆ ಮತ್ತೆ ಬಂದಲ್ಲಿ ಕಣ್ಣು ಒಂದನ್ನು ಹಾರಿಸಿಬಿಡುವುದು ಸಹಜ; ಬ್ಯಾಂಕಿನ ಪಟ್ಟಿಯಲ್ಲಿ ಒಂದೇ ಮೊತ್ತ ಎರಡು ಬಾರಿ ಬಂದಾಗ ಗುಮಾಸ್ತ ಒಂದನ್ನು ಬಿಡುವಂತೆ. ದುರುದ್ದೇಶ ಇರಬೇಕಾಗಿಲ್ಲ. ಆದರೆ ಮೂಲ ಎಲ್ಲರ ಎದುರು ತೆರೆದಿದ್ದರೆ ಅರ್ಧ ಗಂಟೆಯಲ್ಲಿ ತೀರಬಹುದಾಗಿದ್ದ ಪ್ರಶ್ನೆಗೆ ವರ್ಷಗಟ್ಟಲೆ ಜಗಳವಾಯಿತು.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ನಾವು ತಾಳೆಗರಿಯನ್ನು ಓದುವವರಲ್ಲ. ಆ ವಿದ್ಯೆ ನಮಗಿಲ್ಲ. ನೂರು ವರ್ಷಗಳ ಹಿಂದೆ ಅಚ್ಚಾದ ಪುರಾಣ, ಶ್ರಾವಕಾಚಾರ, ಪೂಜಾಪಾಠಗಳ ಪುಟಗಳ ಚಿತ್ರ ತೆಗೆದು, ಅದನ್ನು ಪರದೆಯ ಒಂದು ಬದಿಯಲ್ಲಿಟ್ಟು, ಇನ್ನೊಂದು ಬದಿಯಲ್ಲಿ ಅಕ್ಷರ ಜೋಡಿಸುತ್ತೇವೆ. ಯಂತ್ರವೇ ಚಿತ್ರವನ್ನು ಓದಿ ಅಕ್ಷರ ಮಾಡಿಕೊಡುವ ತಂತ್ರಾಂಶಗಳು ಬಂದಿವೆ, ನಿಜ. ಆದರೆ ಸವೆದ ಅಚ್ಚುಮೊಳೆಯಲ್ಲಿ ಅವಕ್ಕೆ ‘ಪ’ವೂ ‘ವ’ವೂ ಒಂದೇ, ‘ಮ’ವೂ ‘ವು’ವೂ ಒಂದೇ. ಹಳಗನ್ನಡದ ಱ, ೞಗಳನ್ನು ಕಂಡರೆ ಅವು ತಮಗೆ ತೋಚಿದ್ದನ್ನು ಬರೆಯುತ್ತವೆ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ. ಅಹಿಂಸಾಧರ್ಮದ ಗ್ರಂಥದಲ್ಲಿ ಈ ವ್ಯತ್ಯಾಸ ತುಸು ಮುಖ್ಯವೇ! (ಯೂನಿಕೋಡಿನವರು ೞಕ್ಕೆ ಹೆಸರಿಡುವಾಗ ‘ಫ’ ಎಂದು ತಪ್ಪಾಗಿ ನಮೂದಿಸಿದ್ದು ಇಂದಿಗೂ ಹಾಗೆಯೇ ಉಳಿದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ.)

ಯಂತ್ರಕ್ಕಿಂತ ಅಪಾಯಕಾರಿ ಎಂದರೆ ಭಕ್ತಿವಂತ ಬೆರಳು. ಪುಟದಲ್ಲಿ ‘ಣಮೋ’ ಎಂದಿದ್ದರೆ ನಮ್ಮಲ್ಲಿ ಕೆಲವರ ಬೆರಳು ತಾನಾಗಿಯೇ ‘ನಮೋ’ ಎಂದು ಒತ್ತುತ್ತದೆ. ‘ಅರಹಂತಾಣಂ’ ಎಂದಿದ್ದರೆ, ಬಾಲ್ಯದಿಂದ ‘ಅರಿಹಂತಾಣಂ’ ಎಂದು ಪಠಿಸಿದವರು ಇದು ಅಚ್ಚಿನ ತಪ್ಪೆಂದು ತಿಳಿದು ತಿದ್ದುತ್ತಾರೆ. ಎರಡು ಪಾಠಗಳೂ ಪ್ರಾಚೀನವೇ; ಎರಡಕ್ಕೂ ಅರ್ಥವಿದೆ. ಈ ಪುಸ್ತಕದ ಈ ಪುಟದಲ್ಲಿ ಯಾವುದಿದೆ ಎಂಬುದೊಂದೇ ನಮ್ಮ ಮುಂದಿನ ಪ್ರಶ್ನೆ.

ಲೆಕ್ಕಪರಿಶೋಧಕನು ಕಕ್ಷಿದಾರನ ಪುಸ್ತಕವನ್ನು ತಿದ್ದುವುದಿಲ್ಲ. ಅದರಲ್ಲಿ ಇದ್ದದ್ದನ್ನು ಇದ್ದಂತೆ ಬಿಟ್ಟು, ತನ್ನ ಆಕ್ಷೇಪವನ್ನು ವರದಿಯಲ್ಲಿ ಬರೆಯುತ್ತಾನೆ. ಪ್ರೊ. ಹೀರಾಲಾಲರು 93ನೆಯ ಸೂತ್ರದಲ್ಲಿ ಮಾಡಿದ್ದು ಇದನ್ನೇ. ಎರಡನೆಯದಾಗಿ, ವೋಚರು ಬರೆದವನೇ ಅದನ್ನು ಮಂಜೂರು ಮಾಡುವಂತಿಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಈ ಕ್ರಮ ಪರಿಚಿತ: ಅಕ್ಷರ ಜೋಡಿಸಿದ ಪುಟ ಮೊದಲು ಕೆಂಪು, ಒಬ್ಬರು ಕರಡು ತಿದ್ದಿದ ಮೇಲೆ ಹಳದಿ, ಬೇರೊಬ್ಬರು ಚಿತ್ರದೊಡನೆ ಮತ್ತೆ ಹೋಲಿಸಿದ ಮೇಲಷ್ಟೇ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ವ್ಯವಸ್ಥೆಯೇ ಬಿಡುವುದಿಲ್ಲ. ಮೂರನೆಯದು, ಪ್ರತಿ ತಿದ್ದುಪಡಿಯ ಜಾಡು. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕ ಇಡುವ ತಂತ್ರಾಂಶದಲ್ಲಿ ಯಾವ ನಮೂದು ಯಾವಾಗ ಬದಲಾಯಿತೆಂಬ ದಾಖಲೆ ಉಳಿಯಲೇಬೇಕು, ಅದನ್ನು ಸ್ಥಗಿತಗೊಳಿಸುವಂತಿಲ್ಲ ಎಂದು ಸರ್ಕಾರ ಕಡ್ಡಾಯಗೊಳಿಸಿದೆ. ಸಿಮೆಂಟು ಮಾರುವವರ ಲೆಕ್ಕಕ್ಕೆ ಬೇಕಾದ ಜಾಡು ಆಗಮಕ್ಕೆ ಬೇಡವೇ?

ನಮ್ಮ ಕೆಲಸಕ್ಕೆ ಎರಡು ಆಕ್ಷೇಪಗಳು ಬಂದಿವೆ. ಮೊದಲನೆಯದು ಆಶಾತನೆ. ಮೊಬೈಲನ್ನು ಎಲ್ಲೆಂದರಲ್ಲಿ ಒಯ್ಯುತ್ತಾರೆ, ಅದರೊಳಗೆ ಜಿನವಾಣಿ ಇರುವುದು ಅವಿನಯವಲ್ಲವೇ ಎಂಬುದು. ಹೇಳುವವರ ಭಾವನೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಮುದ್ರಣಯಂತ್ರ ಬಂದಾಗಲೂ ನಮ್ಮ ಹಿರಿಯರು ಇದೇ ಮಾತನ್ನು ಆಡಿದರು. ಅಚ್ಚಾದ ಶಾಸ್ತ್ರವನ್ನು ಬಸದಿಯೊಳಗೆ ಬಿಡದ ಊರುಗಳಿದ್ದವು. ಇಂದು ಅದೇ ಅಚ್ಚಿನ ಪುಸ್ತಕವನ್ನು ಪೀಠದ ಮೇಲಿಟ್ಟು ಅರ್ಘ್ಯ ಎತ್ತುತ್ತಿದ್ದೇವೆ. ಗೆದ್ದಲು ತಿಂದ ಕಪಾಟಿನಲ್ಲಿ ಪುಡಿಯಾಗುವುದು ಅವಿನಯವಲ್ಲವೆಂದು ಯಾವ ಶಾಸ್ತ್ರ ಹೇಳುತ್ತದೆಯೋ ತಿಳಿಯದು.

ಎರಡನೆಯ ಆಕ್ಷೇಪ ಹೆಚ್ಚು ನಯವಾದುದು: ಕೆಲಸ ಮಾಡಿ, ಆದರೆ ನಮ್ಮ ಸಮಾಜದ ಸದಸ್ಯರಿಗಷ್ಟೇ ಸಂಕೇತಪದ ಕೊಟ್ಟು ತೆರೆಯಿರಿ. ಇದನ್ನು ನಾನು ಒಪ್ಪಲಾರೆ. ಹಳೆಯ ಜೈನ ಕಾವ್ಯಗಳನ್ನು ಮೈಸೂರಿನಲ್ಲಿ ಹುಡುಕಿ ಅಚ್ಚುಹಾಕಿದವರಲ್ಲಿ ಎಂ. ಎ. ರಾಮಾನುಜಯ್ಯಂಗಾರ್, ಎಸ್. ಜಿ. ನರಸಿಂಹಾಚಾರ್ ಅವರಂಥವರು ಇದ್ದರು. ಪಂಪಭಾರತವನ್ನು 1898ರಲ್ಲಿ ಮುದ್ರಿಸಿದವರು ಬಿ. ಎಲ್. ರೈಸ್. ಇವರಾರೂ ಜೈನರಲ್ಲ. ಅವರ ದುಡಿಮೆಯ ಫಲವನ್ನು ತೆಗೆದುಕೊಂಡು ಬಾಗಿಲಿಗೆ ಬೀಗ ಹಾಕುವ ನೈತಿಕ ಹಕ್ಕು ನಮಗೆ ಎಲ್ಲಿಂದ ಬಂತು? ಕಾನೂನಿನ ಹಕ್ಕಿನ ವಿಷಯ ಬೇರೆ. ಅದನ್ನು ನಾವು ಪಾಲಿಸುತ್ತೇವೆ. ಲೇಖಕರು, ಸಂಪಾದಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ವಡ್ಡಾರಾಧನೆ ಸಾವಿರ ವರ್ಷ ಹಳೆಯದಾದರೂ, ಅದನ್ನು ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ಯರು 1971ರಲ್ಲಿ ತೀರಿಕೊಂಡರು. ಅವರ ಪೀಠಿಕೆ, ಟಿಪ್ಪಣಿಗಳನ್ನು 2031 ಮುಗಿಯುವವರೆಗೆ ನಾವು ಮುಟ್ಟುವುದಿಲ್ಲ.

ಹಣದ ಮಾತು ಬಂದಾಗ ನನ್ನ ವೃತ್ತಿ ಸುಮ್ಮನಿರಲು ಬಿಡುವುದಿಲ್ಲ. ಹಲವು ಧಾರ್ಮಿಕ ನ್ಯಾಸಗಳ ಆಸ್ತಿಪಟ್ಟಿಯಲ್ಲಿ ‘ಶಾಸ್ತ್ರದಾನ ನಿಧಿ’ ಎಂಬ ಹೆಸರಿನ ಠೇವಣಿಯನ್ನು ಕಂಡಿದ್ದೇನೆ. ಹೆಸರು ಹೇಳುವುದು ವೃತ್ತಿಧರ್ಮವಲ್ಲ. ಬಡ್ಡಿ ಸೇರುತ್ತದೆ, ಠೇವಣಿ ನವೀಕರಣವಾಗುತ್ತದೆ, ಶಾಸ್ತ್ರವೂ ಇಲ್ಲ, ದಾನವೂ ಇಲ್ಲ. ಕಲಶದ ಸವಾಲಿನಲ್ಲಿ ಒಂದು ಬೆಳಗಿನಲ್ಲಿ ಕೂಗುವ ಮೊತ್ತದಲ್ಲಿ ಒಂದು ಗ್ರಂಥಭಂಡಾರದ ಪುಟಗಳೆಲ್ಲ ಚಿತ್ರಗಳಾಗಬಹುದು. ಸರ್ಕಾರದ ಕಡೆಯೂ ನೋಡಿ. 2024ರ ಅಕ್ಟೋಬರಿನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ಅಭಿನಂದನಾ ಫಲಕಗಳನ್ನು ಹಾಕಿದೆವು. 2025ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳಿಗಾಗಿ ‘ಜ್ಞಾನ ಭಾರತಂ’ ಘೋಷಣೆಯಾದಾಗ ಮತ್ತೊಮ್ಮೆ ಹಾಕಿದೆವು. ತೆರಿಗೆಯ ಹಣದಿಂದ ತೆಗೆದ ಹಸ್ತಪ್ರತಿಯ ಚಿತ್ರವನ್ನು ಯಾವ ನಾಗರಿಕನಾದರೂ ಅರ್ಜಿ, ಶಿಫಾರಸುಗಳಿಲ್ಲದೆ ನೋಡುವಂತಾಗಬೇಕೆಂದು ನಮ್ಮ ಯಾವ ಮಹಾಸಭೆಯಾದರೂ ಗೊತ್ತುವಳಿ ಮಾಡಿದ್ದನ್ನು ನಾನು ಕೇಳಿಲ್ಲ. ಮಾಡುವುದಾದರೆ ಕರಡು ಬರೆದುಕೊಡಲು ಸಿದ್ಧನಿದ್ದೇನೆ, ಶುಲ್ಕವಿಲ್ಲದೆ.

ಕೊನೆಯದಾಗಿ, ಈಗ ನಮ್ಮ ಗುಂಪಿನಲ್ಲಿಯೇ ಎದ್ದಿರುವ ಒಂದು ವಿವಾದವನ್ನು ನಿಮ್ಮೆದುರು ಇಡುತ್ತೇನೆ. ಅಚ್ಚಾದ ಹಳೆಯ ಶ್ರಾವಕಾಚಾರವೊಂದರಲ್ಲಿ ಸ್ತ್ರೀಯರ ಕುರಿತು, ಕೆಲವು ಜಾತಿಗಳ ಕುರಿತು ಇಂದು ಓದಲು ನಾಚಿಕೆಯಾಗುವ ಸಾಲುಗಳಿವೆ. ಆ ಪುಟಗಳನ್ನು ಜೋಡಿಸುತ್ತಿರುವ ಪುಣೆಯ ತರುಣಿಯೊಬ್ಬಳು, ಇವನ್ನು ನನ್ನ ಕೈಯಿಂದ ಏಕೆ ಬರೆಯಿಸುತ್ತೀರಿ, ಬಿಟ್ಟುಬಿಡೋಣ ಎಂದಳು. ಸುಧಾರಣೆಯನ್ನು ಬಯಸುವ ನಮ್ಮಲ್ಲಿ ಹಲವರಿಗೆ ಅವಳ ಮಾತು ಹಿತವೆನಿಸಿತು. ಆದರೆ ‘ಸಂಜದ’ ಪದ ಬೇಡವೆಂದವರಿಗೂ ತಮ್ಮ ನಿಲುವು ಅಷ್ಟೇ ಧರ್ಮಸಮ್ಮತವಾಗಿ ತೋರಿತ್ತು. ನಮಗೆ ಒಲ್ಲದ ಸಾಲನ್ನು ನಾವು ಕಿತ್ತರೆ, ನಮಗೆ ಪ್ರಿಯವಾದ ಸಾಲನ್ನು ಇನ್ನೊಬ್ಬರು ಕೀಳುವಾಗ ಯಾವ ಬಾಯಿಯಿಂದ ತಡೆಯೋಣ? ಆ ಸಾಲುಗಳನ್ನು ಇದ್ದಂತೆಯೇ ಜೋಡಿಸಬೇಕು. ಅದರ ವಿರುದ್ಧ ಅವಳು ಎಷ್ಟು ಕಟುವಾಗಿ ಬೇಕಾದರೂ ಬರೆಯಲಿ, ತನ್ನ ಹೆಸರಿನಲ್ಲಿ, ಪ್ರತ್ಯೇಕವಾಗಿ. ಇದು ನನ್ನ ಅಭಿಪ್ರಾಯ. ಅವಳು ಇನ್ನೂ ಒಪ್ಪಿಲ್ಲ; ಆ ಎರಡು ಪುಟಗಳು ಈಗಲೂ ಕೆಂಪಾಗಿಯೇ ಇವೆ.

ಜೋಡಿಸುವವರು ನಮ್ಮಲ್ಲಿ ಸಾಕಷ್ಟಿದ್ದಾರೆ, ಬಹುಪಾಲು ಮನೆಯ ಹೆಣ್ಣುಮಕ್ಕಳು. ಕೊರತೆ ಇರುವುದು ಎರಡನೆಯ ಸಲ ಓದುವವರದು. ಹಳೆಯ ಮೈಸೂರು ಅಚ್ಚನ್ನು, ಒತ್ತಕ್ಷರಗಳನ್ನು ನಿರಾಯಾಸವಾಗಿ ಓದಬಲ್ಲ ನಿವೃತ್ತರು ಈ ಸಭೆಯಲ್ಲಿಯೇ ಅನೇಕರಿದ್ದೀರಿ. ಬೆರಳಚ್ಚು ಬಾರದಿದ್ದರೂ ಚಿಂತೆಯಿಲ್ಲ. ಒಬ್ಬರು ಪುಟದ ಚಿತ್ರ ನೋಡಿ ಗಟ್ಟಿಯಾಗಿ ಓದಲಿ, ಮೊಮ್ಮಗನೋ ಮೊಮ್ಮಗಳೋ ಪರದೆಯ ಅಕ್ಷರದ ಮೇಲೆ ಕಣ್ಣಿಡಲಿ. ಸಹಾರನಪುರದಲ್ಲಿ ಕನ್ನಡ ಬಲ್ಲವರು ಓದಿ ನಾಗರಿ ಬಲ್ಲವರು ಬರೆದಂತೆ. ದಿನಕ್ಕೆ ಎರಡು ಪುಟ ಸಾಕು. ಹೆಸರು ಕೊಡುವವರಿಗಾಗಿ ಹೊರಗಿನ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಯಾವ ವಾರ ಬಿಡುವಿದೆ ಎಂಬುದನ್ನೂ ಅದರಲ್ಲಿ ಬರೆಯಿರಿ.

ಜೈ ಜಿನೇಂದ್ರ.